ಸೂಜಿಯ ಗಂಟು

ಕೊರೊನಾ ಸೂಜಿ ಹಾಕಿಸಿಕೊಂಡು ಬಂದು ವಾರ ಆಗಿತ್ತೇನೋ, ಸ್ನಾನ ಮಾಡುವಾಗ ಎಡಗಂಕುಳಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಅವರೆಕಾಳಿನಷ್ಟು ದಪ್ಪ, ಒತ್ತಿದರೆ ನೋವು. ಸೊಸೆಗೆ ಹೇಳಿದೆ. ಅವಳು ಯಾರಿಗೋ ಫೋನು ಮಾಡಿ ವಿಚಾರಿಸಿ, 'ಸೂಜಿಯಿಂದ ಹಾಗಾಗುತ್ತಂತೆ ಅತ್ತೆ, ತಾನಾಗೇ ಕರಗುತ್ತಂತೆ' ಎಂದು ಹೇಳಿ ಒಲೆಯ ಮೇಲಿನ ಹಾಲು ನೋಡಲು ಹೋದಳು. ಅಷ್ಟೇ. ನಾನು ಬಚ್ಚಲಿನ ಹೊಸಿಲ ಮೇಲೆ ಒದ್ದೆ ಸೀರೆಯಲ್ಲೇ ಕೂತೆ. ಇಷ್ಟು ಹಗುರವಾದ ಮಾತನ್ನು ಹೇಳುವವರು ನಾನು ಚಿಕ್ಕವಳಿದ್ದಾಗ ನಮಗೆ ಒಬ್ಬರು ಸಿಕ್ಕಿದ್ದರೆ ನಮ್ಮ ಮನೆಯ ಕಥೆಯೇ ಬೇರೆಯಾಗಿರುತ್ತಿತ್ತು. ಹೊರಗೆ ಬೀದಿಯಲ್ಲಿ ಒಂದು ಪವರ್‌ಲೂಮೂ ಓಡುತ್ತಿರಲಿಲ್ಲ, ಎಲ್ಲ ಬಾಗಿಲು ಹಾಕಿದ್ದವು. ಅಂಥ ಮೌನದಲ್ಲಿ ನನಗೆ ಈಗೀಗ ಒಂದು ಸದ್ದು ಕೇಳಿಸುತ್ತದೆ. ಅದನ್ನು ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ನಾನು ಹುಟ್ಟಿದ ಮನೆ ದೊಡ್ಡಬಳ್ಳಾಪುರದ ಪೇಟೆಯೊಳಗೆ, ನೇಯುವವರ ಬೀದಿಯಲ್ಲಿತ್ತು. ಮನೆಯಲ್ಲಿ ಮಗ್ಗ ಇತ್ತು ಎನ್ನುವುದು ತಪ್ಪು. ಮಗ್ಗಕ್ಕೆಂದು ಗೋಡೆ ಎಬ್ಬಿಸಿ ಹೆಂಚು ಹೊದಿಸಿದ್ದರು, ಅದು ಬಿಟ್ಟ ಜಾಗದಲ್ಲಿ ನಾವು ಉಂಡು ಮಲಗುತ್ತಿದ್ದೆವು. ಬಾಗಿಲು ದಾಟಿದ ಕೂಡಲೇ ನೆಲದಲ್ಲಿ ಅಗೆದ ಕುಣಿ. ಅಪ್ಪ ಅದರ ಅಂಚಿನಲ್ಲಿ ಕೂತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಲಾಳಿ ಎಸೆಯುತ್ತಿದ್ದ. ಆ ಕಡೆಯಿಂದ ಈ ಕಡೆಗೆ ಲಾಳಿ ಬಂದಾಗ ಒಂದು ಸದ್ದು, ಹಣಿಗೆ ಎಳೆದು ನೂಲನ್ನು ಬಿಗಿ ಮಾಡಿದಾಗ ಇನ್ನೊಂದು ಸದ್ದು. ನಾನು ನಿದ್ದೆಯಿಂದ ಏಳುತ್ತಿದ್ದದ್ದು ಆ ಎರಡು ಸದ್ದಿಗೆ. ಮಗ್ಗ ನಿಂತಿತೆಂದರೆ ಒಂದೋ ಊಟದ ಹೊತ್ತು, ಇಲ್ಲವೇ ಏನೋ ಕೆಟ್ಟದ್ದು ನಡೆದಿದೆ ಎಂದು ಅರ್ಥ. ಈಗಲೂ ನಾನು ತೀರಾ ಸದ್ದಿಲ್ಲದ ಕೋಣೆಯಲ್ಲಿ ಕೂರಲಾರೆ, ಎದ್ದು ಏನಾದರೂ ಪಾತ್ರೆ ಕುಕ್ಕುತ್ತೇನೆ.

ನಮ್ಮ ಮನೆಯ ಹೆಂಗಸರು ಕುಣಿಗೆ ಇಳಿಯುವಂತಿರಲಿಲ್ಲ. ನೂಲು ಬಿಡಿಸಬಹುದು, ರಾಟೆ ತಿರುಗಿಸಿ ಲಾಳಿಯೊಳಗಿಡುವ ಕಂಡಿಕೆ ಸುತ್ತಬಹುದು, ಮಗ್ಗಕ್ಕೆ ಅರಿಶಿನ ಕುಂಕುಮ ಇಡಬಹುದು. ಕಾಲು ಮಾತ್ರ ಒಳಗೆ ಬಿಡಬಾರದು. ಇದು ಅಜ್ಜಿಯ ಕಟ್ಟಳೆ. ಅದನ್ನು ಮುರಿಯುತ್ತಿದ್ದವಳು ಅವಳ ಮಗಳು, ಅಪ್ಪನ ತಂಗಿ ಗೌರತ್ತೆ. ಆಗಿನ್ನೂ ಅವಳಿಗೆ ಮದುವೆಯಾಗಿರಲಿಲ್ಲ. ಅಪ್ಪ ಊಟಕ್ಕೆ ಎದ್ದದ್ದೇ ತಡ, ಕುಣಿಗೆ ಕಾಲಿಳಿಬಿಟ್ಟು ಕೂತು ಲಾಳಿ ಎಸೆಯುತ್ತಿದ್ದಳು. ಅಜ್ಜಿ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು.

'ಇವಳ ಕಾಲು ಮುರೀಬೇಕು. ಹೋದ ಮನೇಲೂ ಹಿಂಗೇ ಕೂತ್ಕಂಡ್ರೆ ಬರೆ ಹಾಕ್ತಾರೆ.'

'ಸೀರೆ ಕೆಟ್ಟಿದ್ರೆ ಹೇಳವ್ವ, ಬೈಸ್ಕೋತೀನಿ' ಎನ್ನುತ್ತಿದ್ದಳು ಗೌರತ್ತೆ.

ಅಪ್ಪ ಬಂದು ಅವಳು ನೇಯ್ದಷ್ಟರ ಮೇಲೆ ಬೆರಳಾಡಿಸಿ ನಗುತ್ತಿದ್ದ. ಅವಳ ಕೈ ಅವನಿಗಿಂತ ಬಿಗಿ. ಅದು ಅವನಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಚಳಿ ಬಿದ್ದರೆ ಪೇಟೆಗೆ ಅವರೆಕಾಯಿ ಬರುತ್ತಿತ್ತು, ಅದರ ಬೆನ್ನಿಗೇ ಪ್ಲೇಗು. ಎಲ್ಲ ವರ್ಷವೂ ಬರುತ್ತಿತ್ತೆಂದಲ್ಲ, ಬರಬಹುದು ಎಂಬ ಭಯ ಮಾತ್ರ ಪ್ರತಿ ವರ್ಷ ಬರುತ್ತಿತ್ತು. ಅವರೆಕಾಯಿಯ ಸೊಗಡು ಮೂಗಿಗೆ ಬಿದ್ದರೆ ಊರಿನವರಿಗೆ ಬಾಯಲ್ಲಿ ನೀರೂರುತ್ತದೆ, ನನ್ನ ಕೈ ತಾನಾಗೇ ಕಂಕುಳಿಗೆ ಹೋಗುತ್ತದೆ. ಪ್ಲೇಗು ಎಂಬ ಹೆಸರನ್ನು ಮನೆಯೊಳಗೆ ಯಾರೂ ಎತ್ತುತ್ತಿರಲಿಲ್ಲ. 'ಅವರ ಮನೇಲಿ ಇಲಿ ಬಿತ್ತಂತೆ' ಎಂದರೆ ಸಾಕಾಗಿತ್ತು. ಇಲಿ ಸತ್ತು ಬಿದ್ದ ಮನೆಯವರು ಪಾತ್ರೆ ಪಗಡ ಹೊತ್ತು, ಹೆಂಚು ನಾಲ್ಕು ಸರಿಸಿ ಒಳಗೆ ಬಿಸಿಲು ಬೀಳುವಂತೆ ಮಾಡಿ, ಬೀಗ ಹಾಕಿಕೊಂಡು ರಾಜಘಟ್ಟದ ದಾರಿಯ ಬಯಲಿಗೆ ಹೋಗುತ್ತಿದ್ದರು. ಅಲ್ಲಿ ಸೋಗೆ, ಚಾಪೆಗಳ ಗುಡಿಸಲುಗಳ ಇನ್ನೊಂದು ಊರೇ ಏಳುತ್ತಿತ್ತು. ಪೇಟೆಯಲ್ಲಿ ಮಾತುಬಿಟ್ಟವರು ಅಲ್ಲಿ ಒಂದೇ ಒಲೆಯ ಬೆಂಕಿ ಹಂಚಿಕೊಳ್ಳುತ್ತಿದ್ದರು. ಕಂಕುಳಲ್ಲೋ ತೊಡೆಸಂದಿನಲ್ಲೋ ಪ್ಲೇಗಿನ ಗೆಡ್ಡೆ ಕಟ್ಟಿದವರು ಯಾರಾದರೂ ಸಿಕ್ಕಿದರೆ ಸರ್ಕಾರದವರು ಇನ್ನೂ ದೂರದ ಒಂದು ಶೆಡ್ಡಿಗೆ ಸಾಗಿಸುತ್ತಿದ್ದರು. ಅಲ್ಲಿಂದ ವಾಪಸು ಬಂದವರನ್ನು ನಾನು ನೋಡಿಲ್ಲ.

ಆ ವರ್ಷ ಪಕ್ಕದ ಬೀದಿಯಲ್ಲಿ ಇಲಿ ಬಿದ್ದಾಗ ಪ್ಲೇಗಿನ ಸೂಜಿ ಹಾಕುವವರು ನಮ್ಮ ಬೀದಿಗೆ ಬಂದರು. ಮಾರಮ್ಮನಿಗೆ ತಂಬಿಟ್ಟು, ಮೊಸರನ್ನ ಒಪ್ಪಿಸಿ ಬಂದಿದ್ದೇನೆ, ಸೂಜಿ ಬೇರೆ ಯಾಕೆ ಎಂದು ಅಜ್ಜಿ ಒಳಗೆ ಹೋಗಿ ಕೂತಳು. ಅಮ್ಮ ಬಸುರಿ, ಅವಳನ್ನು ಬಿಟ್ಟರು. ಅಪ್ಪ ಹಾಕಿಸಿಕೊಳ್ಳಬಹುದಿತ್ತು. ಆದರೆ ಮಗ್ಗದ ಮೇಲೆ ಒಂದು ಧಾರೆ ಸೀರೆ ಇತ್ತು, ಅರಿಶಿನ ಒಡಲು, ಕೆಂಪು ಅಂಚು. ಮುಹೂರ್ತ ಹತ್ತಿರ ಬಂದಿತ್ತು. ಸೂಜಿ ಹಾಕಿಸಿಕೊಂಡವರ ತೋಳು ಮರಗಟ್ಟಿ ಎತ್ತಲಾಗುವುದಿಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು. ನೇಯುವವನಿಗೆ ಲಾಳಿ ಎಸೆಯುವ ಕೈ ನಿಂತರೆ ಎಲ್ಲ ನಿಂತಂತೆ.

'ಸೀರೆ ಮುಗಿಸಿ ಕೊಯ್ದ ಮಾರನೇ ದಿನವೇ ಬರ್ತೀನಿ ಸ್ವಾಮಿ' ಎಂದ ಅಪ್ಪ. 'ಈಗ ಇವರಿಬ್ಬರಿಗೆ ಹಾಕಿ.'

ಇಬ್ಬರು ಎಂದರೆ ಗೌರತ್ತೆ ಮತ್ತು ನಾನು. ಇಬ್ಬರಿಗೂ ಎಡತೋಳಿಗೆ. ಸಂಜೆಯ ಹೊತ್ತಿಗೆ ಜ್ವರ ಏರಿತು. ತೋಳು ಕೆಂಪಗೆ ಊದಿ ರವಿಕೆಯ ತೋಳು ಬಿಗಿಯಾಯಿತು. ಅಜ್ಜಿ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಒತ್ತುತ್ತ, ಸೂಜಿಯವನ ವಂಶವನ್ನೆಲ್ಲ ಬೈಯುತ್ತ, ನಮ್ಮಿಬ್ಬರ ನಡುವೆ ಕೂತಿದ್ದಳು. ಆ ಕೈಯ ಬಿಸಿ ನನಗೆ ನೆನಪಿದೆ. ಅಜ್ಜಿ ಕೆಟ್ಟವಳಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಓದುವವರು ಮರೆಯಬಾರದು.

ನಮ್ಮ ಜ್ವರ ಇಳಿಯುವ ಮೊದಲೇ ನಮ್ಮ ಮನೆಯಲ್ಲೂ ಇಲಿ ಬಿತ್ತು. ಬೆಳಗ್ಗೆ ಅಪ್ಪ ಮಗ್ಗಕ್ಕೆ ಕೂರಲು ಹೋದಾಗ ಕುಣಿಯ ತಳದಲ್ಲಿ ಕಾಲುಹಲಗೆಯ ಪಕ್ಕ ಬಿದ್ದಿತ್ತು. ಅವನು ಅದನ್ನು ಕಡ್ಡಿಯಿಂದ ಎತ್ತಿ ಹೊರಗೆ ಸುಟ್ಟು, ಕೈ ತೊಳೆದು, ಸೀರೆಯ ಮೇಲೊಂದು ಹಳೆಯ ಪಂಚೆ ಮುಚ್ಚಿದ. ಮಗ್ಗ ನೆಲಕ್ಕೆ ಅಂಟಿದ್ದು, ಹೊತ್ತುಕೊಂಡು ಹೋಗುವುದಲ್ಲ. ನೇಯಲು ಸೆರಗಿನ ಭಾಗವಷ್ಟೇ ಉಳಿದಿತ್ತು. ಅದನ್ನು ಹಾಗೇ ಬಿಟ್ಟು ನಾವೂ ಬೀಗ ಹಾಕಿಕೊಂಡು ಬಯಲಿಗೆ ಹೊರಟೆವು.

ಬಯಲಿನ ಗುಡಿಸಲಲ್ಲಿ ಬೆಳಗಾದರೆ ಅಜ್ಜಿಗೆ ಒಂದೇ ಕೆಲಸ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ 'ಕೈ ಎತ್ತು' ಎನ್ನುತ್ತಿದ್ದಳು. ಕಂಕುಳಿಗೆ ಬೆರಳಿಟ್ಟು ತಡವಿ ನೋಡಿ, ಏನೂ ಇಲ್ಲದಿದ್ದರೆ ಬೆನ್ನಿಗೊಂದು ಮೆಲ್ಲನೆ ಏಟು ಕೊಟ್ಟು ಮುಂದಕ್ಕೆ ಕಳಿಸುತ್ತಿದ್ದಳು. ಆ ಏಟು ಬಿದ್ದರೆ ಅವತ್ತಿನ ಮಟ್ಟಿಗೆ ಬದುಕಿದ್ದೇವೆ ಎಂದು ಲೆಕ್ಕ. ಒಂದು ಬೆಳಗ್ಗೆ ಗೌರತ್ತೆಯ ಬೆನ್ನಿಗೆ ಏಟು ಬೀಳಲಿಲ್ಲ. ಅಜ್ಜಿಯ ಬೆರಳು ಅವಳ ಎಡಗಂಕುಳಲ್ಲಿ ನಿಂತಿತು. ಆಮೇಲೆ ಕೆಂಡ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

'ಜ್ವರ ಇನ್ನೂ ಐತೇನೇ?'

'ಸ್ವಲ್ಪ ಐತವ್ವ.'

ಅಜ್ಜಿ ಸುತ್ತ ನೋಡಿ ದನಿ ತಗ್ಗಿಸಿದಳು.

'ಗೌರಿ, ಕತ್ತಲಾಗೋಕೆ ಮುಂಚೆ ನೀನು ಮನೆಗೆ ಹೋಗ್ಬಿಡು. ಸರ್ಕಾರದೋರ ಶೆಡ್‌ಗೆ ಹಾಕಿದ್ರೆ ಮುಖ ನೋಡಕ್ಕೂ ಬಿಡಲ್ಲ. ಇಲ್ಲೇ ಇಟ್ಕಂಡ್ರೆ ಈ ಮಗಾ, ಅವಳ ಹೊಟ್ಟೇಲಿರೋದು, ಯಾವ್ದೂ ಉಳಿಯಲ್ಲ.'

'ಅವ್ವ, ಒಂದಿನ ನೋಡಾಣ' ಎಂದ ಅಪ್ಪ.

'ಒಂದಿನ ನೋಡ್ತಾ ಕೂತೋರ ಗುಡಿಸ್ಲು ಅಲ್ಲೈತೆ ನೋಡು' ಎಂದು ಅಜ್ಜಿ ಬಯಲಿನ ಮೂಲೆಯ ಖಾಲಿ ಗುಡಿಸಲ ಕಡೆ ಕೈ ತೋರಿಸಿದಳು.

ಗೌರತ್ತೆ ಅಳಲಿಲ್ಲ. ತನಗೆ ಅದೇ ಬಂದಿದೆ ಎಂದು ಅವಳೂ ನಂಬಿದ್ದಳು. ಗೂಟದಲ್ಲಿದ್ದ ಬೀಗದ ಕೈ ತೆಗೆದು ಸೆರಗಿಗೆ ಗಂಟು ಹಾಕಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಡೆದಳು. ನಾನು ಹಿಂದೆ ಓಡಿದ್ದಕ್ಕೆ ಅಮ್ಮ ಎಳೆದು ತಂದಳು. ಜ್ವರದ ಹುಡುಗಿಯನ್ನು ಇಲಿ ಸತ್ತ ಮನೆಗೇ ಕಳಿಸಿದೆವು. ಹೋಗುವವಳು ತಾನೇ, ಎಲ್ಲಿಗೆ ಹೋದರೇನು ಎಂದು ಎಲ್ಲರ ಮನಸ್ಸೂ ಒಳಗೇ ತೀರ್ಮಾನ ಮಾಡಿಬಿಟ್ಟಿತ್ತು. ಮಾರನೇ ದಿನದಿಂದ ಅಜ್ಜಿ ನಮಗೆ 'ಕೈ ಎತ್ತು' ಎನ್ನಲಿಲ್ಲ. ಯಾರನ್ನೂ ಮುಟ್ಟಲೂ ಇಲ್ಲ.

ಅಪ್ಪ ದಿನಾ ಮಧ್ಯಾಹ್ನ ಮುದ್ದೆ, ಸಾರು ಒಯ್ದು ನಮ್ಮ ಮನೆಯ ಜಗಲಿಯ ಮೇಲಿಟ್ಟು, ಎದುರು ಮನೆಯ ಜಗಲಿಗೆ ಸರಿದು ಕೂಗುತ್ತಿದ್ದ. ಅವಳು ಬಾಗಿಲು ಸ್ವಲ್ಪ ತೆರೆದು ಕೈ ಚಾಚಿ ತೆಗೆದುಕೊಳ್ಳುತ್ತಿದ್ದಳು. ಒಂದು ದಿನ ಅವನು ಬಿಳಿಚಿಕೊಂಡು ಬಂದ.

'ಮಗ್ಗದ ಸದ್ದು ಬರ್ತೈತೆ' ಎಂದ.

ಅಷ್ಟರಲ್ಲಿ ಬಯಲಿನಲ್ಲೆಲ್ಲ ಅದೇ ಸುದ್ದಿ. ಪೇಟೆಗೆ ಸಾಮಾನು ತರಲು ಹೋದವರು ಕೇಳಿಸಿಕೊಂಡಿದ್ದರು. ಬೀಗ ಹಾಕಿದ ಬೀದಿ, ಒಂದು ನರಪಿಳ್ಳೆ ಇಲ್ಲ, ಹೆಂಚು ತೆಗೆದ ಮನೆಯೊಳಗೆ ಯಾರೋ ನೇಯುತ್ತಿದ್ದಾರೆ. ಪ್ಲೇಗಿನಲ್ಲಿ ಹೋದ ನೇಕಾರರು ಬಂದು ಉಳಿದ ಕೆಲಸ ಮುಗಿಸುತ್ತಿದ್ದಾರಂತೆ ಎಂದರು. ಅಜ್ಜಿ ಇದನ್ನು ಕೇಳಿ ಒಲೆಯ ಬೂದಿ ಕೆದಕುತ್ತ ಕೂತಳು. ಮಗಳು ಸತ್ತು ಹೀಗಾಗಿದ್ದಾಳೋ, ಬದುಕಿದ್ದು ಸನ್ನಿಯಲ್ಲಿ ಹೀಗೆ ಮಾಡುತ್ತಿದ್ದಾಳೋ, ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕೆಂದು ಅವಳಿಗೆ ತಿಳಿದಂತಿರಲಿಲ್ಲ.

ಆಮೇಲೆ ಅಮ್ಮ ನನಗೆ ನೀರೆರೆಯುವಾಗ ಎಡಗಂಕುಳಲ್ಲಿ ಗಂಟು ಸಿಕ್ಕಿತು. ಅಮ್ಮ ತೂಬಗೆರೆಯ ಬೇಸಾಯದ ಹಳ್ಳಿಯ ಕಡೆಯಿಂದ ಬಂದವಳು, ಕರುಗಳ ಮೈ ತಡವಿ ಬೆಳೆದವಳು. ಹೆದರಿಕೆಗಿಂತ ಮೊದಲು ಅವಳ ಬೆರಳು ಕೆಲಸ ಮಾಡಿತು. ಮತ್ತೆ ಮತ್ತೆ ಒತ್ತಿ ನೋಡಿದಳು. ಹಣೆ ಮುಟ್ಟಿದಳು, ತಣ್ಣಗಿತ್ತು. ಆಡಿಕೊಂಡಿದ್ದೆ, ಉಣ್ಣುತ್ತಿದ್ದೆ. ತೋಳಿನ ಮೇಲೆ ಸೂಜಿಯ ಕಲೆ ಇನ್ನೂ ಗಟ್ಟಿಯಾಗಿತ್ತು. ನನ್ನನ್ನು ಬರಿಮೈಯಲ್ಲೇ ಎತ್ತಿಕೊಂಡು ಅಪ್ಪ, ಅಜ್ಜಿಯ ಮುಂದೆ ತಂದು ನಿಲ್ಲಿಸಿದಳು.

'ಅವಳಿಗೂ ಎಡಗೈ, ಇವಳಿಗೂ ಎಡಗೈ. ಅವಳಿಗೂ ಸೂಜಿ, ಇವಳಿಗೂ ಸೂಜಿ. ಇದು ಆ ಕಾಯಿಲೆ ಅಲ್ಲ ಅತ್ತೆಮ್ಮ. ಸೂಜಿ ಗಂಟು.'

ಅಪ್ಪ ಆಗಲೇ ಎದ್ದು ನಿಂತಿದ್ದ. ಅವನೊಬ್ಬನೇ ಹೋಗಿ ಹೇಳಿದರೆ ಗೌರತ್ತೆ ನಂಬುವುದಿಲ್ಲ, ತನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆ ಅಂದುಕೊಳ್ಳುತ್ತಾಳೆ ಎಂದು ಅಮ್ಮನೇ ಹೇಳಿದಳು.

'ಮಗೂನೂ ಕರ್ಕೊಂಡ್ಹೋಗಿ. ಬೀದೀಲೇ ನಿಲ್ಸಿ ತೋರ್ಸಿ. ಒಳಗೆ ಮಾತ್ರ ಕಾಲಿಡಬೇಡಿ.'

ಖಾಲಿ ಬೀದಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಧ್ಯಾಹ್ನದ ಬಿಸಿಲು, ಎರಡೂ ಕಡೆ ಬೀಗಗಳು, ಯಾರದೋ ಮನೆಯ ಮುಂದೆ ಮಾಸಿದ ರಂಗೋಲಿಯ ಗೆರೆ. ನಮ್ಮ ಮನೆಯೊಳಗಿನಿಂದ ಆ ಎರಡು ಸದ್ದು, ಒಂದರ ಹಿಂದೆ ಒಂದು. ನನಗೆ ಭಯವಾಗಲಿಲ್ಲ, ಮನೆಗೆ ಬಂದೆ ಅನ್ನಿಸಿತು. ಅಪ್ಪ ಕೂಗಿದ. ಸದ್ದು ನಿಂತಿತು. ಬಾಗಿಲು ಅರ್ಧ ತೆರೆದು ಗೌರತ್ತೆ ಕಾಣಿಸಿಕೊಂಡಳು. ಕೂದಲು ಬಿಚ್ಚಿತ್ತು, ಮೈ ಇಳಿದಿತ್ತು, ಕಣ್ಣು ಮಾತ್ರ ಅವಳದೇ.

'ಮಗೂನ ಯಾಕೆ ಕರ್ಕೊಂಬಂದೆ ಅಣ್ಣ? ಹೋಗಿ ನೀವು.'

'ಕೈ ಎತ್ತು' ಎಂದ ಅಪ್ಪ ನನಗೆ.

ಎತ್ತಿದೆ. ಅವನು ನನ್ನ ಕಂಕುಳನ್ನು ಬಿಸಿಲಿಗೆ ತಿರುಗಿಸಿ, ಬೆರಳಿನಿಂದ ಗಂಟನ್ನು ಒತ್ತಿ ತೋರಿಸಿ, ಅಮ್ಮ ಹೇಳಿದ್ದನ್ನೇ ಹೇಳಿದ. ಗೌರತ್ತೆ ಬಹಳ ಹೊತ್ತು ನೋಡಿದಳು. ಆಮೇಲೆ ಹೊಸಿಲ ಮೇಲೆ ಕೂತು ಮೊದಲ ಸಲ ಅತ್ತಳು. ಸಾಯುತ್ತೇನೆಂದು ಬಂದಾಗ ಅಳದವಳು, ಬದುಕುತ್ತೇನೆಂದು ತಿಳಿದು ಅತ್ತಳು. ಅವಳು ಅಳುವುದನ್ನು ನೋಡಲಾರದೆ ಅಪ್ಪ ಬೀದಿ ದಾಟಿ ಹೋಗಿ ಅವಳ ತಲೆ ಹಿಡಿದುಕೊಂಡ. ಹಾಗೆ ನಿಂತವನ ಕಣ್ಣು ಒಳಗಿನ ಮಗ್ಗದ ಮೇಲೆ ಬಿತ್ತು.

'ಸೆರಗೂ ನೇಯ್ದಿದ್ಯಲ್ಲೇ.'

'ಸಾಯೋ ತನಕ ಏನ್ಮಾಡ್ಲಿ, ಸುಮ್ನೆ ಕೂರಕ್ಕಾಗಲಿಲ್ಲ. ಇನ್ನೊಂದು ಗೇಣು ಐತೆ ಅಷ್ಟೇ.'

'ಅದನ್ನ ನಾನು ಮುಗಿಸ್ಬಿಡ್ತೀನಿ. ಕೊಯ್ಕೊಂಡೇ ಹೋಗಾಣ.'

'ಬೇಡಣ್ಣ, ಕುಣಿಗಿಳೀಬೇಡ. ಇಲಿ ಬಿದ್ದಿದ್ದು ಅಲ್ಲೇ.'

'ನೀನು ಇಷ್ಟು ದಿನದಿಂದ ಅಲ್ಲೇ ಕಾಲು ಬಿಟ್ಕೊಂಡು ಕೂತಿದ್ಯಲ್ಲ. ನಿಂಗೇನೂ ಆಗಿಲ್ಲ ಅಂದ್ಮೇಲೆ ಮನೇಲೇನೂ ಇಲ್ಲ ಅಂತ ತಾನೆ.'

ಅವಳು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. ಅಪ್ಪನ ಮಾತು ನನಗೂ ಸರಿಯಾಗೇ ಕಂಡಿತು. ಆ ಮನೆಯಲ್ಲಿ ಅವಳ ಜೀವ ಉಳಿಸಿದ್ದು ಅವಳನ್ನು ಆ ಮನೆಗೆ ಕಳಿಸಿದ ಸೂಜಿಯೇ ಎಂದು ಆಗ ಯಾರಿಗೆ ಹೊಳೆಯಬೇಕು? ನಾನು ಎದುರು ಜಗಲಿಯ ಮೇಲೆ ಕಾಲಾಡಿಸುತ್ತ ಕೂತಿದ್ದೆ. ಅಪ್ಪ ಕುಣಿಗೆ ಕಾಲಿಳಿಬಿಟ್ಟ. ಲಾಳಿಯ ಸದ್ದು ಶುರುವಾಯಿತು. ಗೌರತ್ತೆ ಪಕ್ಕದಲ್ಲಿ ಕೂತು ಕಂಡಿಕೆ ಕೊಡುತ್ತಿದ್ದಳು. ಇಬ್ಬರೂ ಏನೋ ಮಾತಾಡಿ ನಕ್ಕದ್ದೂ ಕೇಳಿಸಿತು. ನನ್ನ ಬಾಲ್ಯದ ಅತ್ಯಂತ ಸುಖದ ಮಧ್ಯಾಹ್ನ ಯಾವುದು ಎಂದು ಕೇಳಿದರೆ, ನಾಲಗೆ ಕಚ್ಚಿಕೊಂಡು ಅದೇ ಎನ್ನಬೇಕು.

ಅವತ್ತು ಗುಡಿಸಲಲ್ಲಿ ಹಿತಕಿದ ಅವರೆಬೇಳೆ ಸಾರು. ಅಜ್ಜಿ ಮಗಳ ಮುಖ ನೋಡದೆ ಅವಳ ಮುದ್ದೆಯ ಮೇಲೆ ತುಪ್ಪ ಹಾಕಿದಳು, ಮತ್ತೆ ಹಾಕಿದಳು, ಸಾಕವ್ವ ಎಂದರೂ ಹಾಕಿದಳು. ಮುಟ್ಟಲು ಮಾತ್ರ ಅವಳಿಗೆ ಕೈ ಬರಲಿಲ್ಲ.

ಕೆಲವೇ ದಿನಕ್ಕೆ ಅಪ್ಪನಿಗೆ ಚಳಿಜ್ವರ ಬಂತು. ಕಣ್ಣು ಕೆಂಪಾದವು, ನಾಲಗೆ ತೊದಲಿತು, ತೊಡೆಸಂದಿನಲ್ಲಿ ಗೆಡ್ಡೆ ಎದ್ದಿತು. ಅವನಿಗೆ ಯಾವ ಸೂಜಿಯೂ ಆಗಿರಲಿಲ್ಲ. ಸೂಜಿಯ ಗಂಟೋ ಅಲ್ಲವೋ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅಜ್ಜಿ ಅವನ ಮೇಲೆ ಬೀಳಲು ಹೋದಳು. ಗೌರತ್ತೆ ಅಡ್ಡ ನಿಂತು ಅವಳ ಎರಡೂ ರಟ್ಟೆ ಹಿಡಿದುಕೊಂಡಳು. ಅಪ್ಪನೇ ಹೇಳಿದ, 'ನಾನು ಮನೆಗೆ ಹೋಗ್ತೀನಿ ಕಣವ್ವ.' ಅಮ್ಮ ತುಂಬಿದ ಹೊಟ್ಟೆ ಹಿಡಿದುಕೊಂಡು ಗುಡಿಸಲ ಕಂಬಕ್ಕೆ ಆತು ನಿಂತಿದ್ದಳು. ಅಪ್ಪನ ಕಂಕುಳಿಗೆ ಹೆಗಲು ಕೊಟ್ಟು ಗೌರತ್ತೆ ನಡೆಸಿಕೊಂಡು ಹೋದಳು.

'ನಂಗೆ ಸೂಜಿ ಆಗೈತೆ. ನಾನೊಬ್ಳೇ ಇವನನ್ನ ಮುಟ್ಟಬಹುದು. ನೀವ್ಯಾರೂ ಬರಬೇಡಿ.'

ಮಗ್ಗದ ಸದ್ದು ಬರುತ್ತಿದೆ ಎಂದು ಯಾರಾದರೂ ಬಂದು ಹೇಳಲಿ ಎಂದು ನಾನು ಬಯಲಿನ ಅಂಚಿನಲ್ಲಿ ಕಾದೆ. ಯಾರೂ ಹೇಳಲಿಲ್ಲ. ಒಂದು ಬೆಳಗ್ಗೆ ಗೌರತ್ತೆ ಒಬ್ಬಳೇ ವಾಪಸು ಬಂದಳು, ಬೀಗದ ಕೈ ಸೆರಗಿನಲ್ಲಿತ್ತು. ಆ ಸೀರೆಯನ್ನು ಸುಟ್ಟುಬಿಡು ಎಂದಳು ಅಜ್ಜಿ. ಗೌರತ್ತೆ ಸುಡಲಿಲ್ಲ. ಮದುವೆ ಮನೆಯವರಿಗೆ ಕೊಡುವ ಮುಂಚೆ ಸೆರಗನ್ನು ಬಿಚ್ಚಿ ನನ್ನ ಬೆರಳನ್ನು ಅದರ ಮೇಲೆ ಆಡಿಸಿದಳು. ಬಿಗಿಯಾಗಿದ್ದ ನೇಯ್ಗೆ ಒಂದು ಕಡೆ ಸ್ವಲ್ಪ ಸಡಿಲವಾಗಿತ್ತು. ಅಲ್ಲಿಂದ ಮುಂದಕ್ಕೆ ಅಪ್ಪ. ಯಾವಳೋ ಹುಡುಗಿ ಅದನ್ನುಟ್ಟು ಧಾರೆಗೆ ಕೂತಳು. ನಾನು ಎಷ್ಟೋ ವರ್ಷ ಮದುವೆ ಮನೆಗಳಲ್ಲಿ ಅರಿಶಿನ ಒಡಲಿನ ಸೀರೆ ಕಂಡರೆ ಹತ್ತಿರ ಹೋಗಿ ಸೆರಗು ಮುಟ್ಟಿ ನೋಡುತ್ತಿದ್ದೆ. ಹೆಂಗಸರು ನನ್ನನ್ನು ಸೀರೆ ಆಸೆಯವಳು ಎಂದು ಆಡಿಕೊಳ್ಳುತ್ತಿದ್ದರು.

ಆಮೇಲೆ ಗೌರತ್ತೆಯೇ ಕುಣಿಗೆ ಇಳಿದಳು. ಅಜ್ಜಿ ಒಂದು ಮಾತೂ ಎತ್ತಲಿಲ್ಲ. ತಮ್ಮ ಹುಟ್ಟಿದ, ಅವನು ಮಗ್ಗದ ಸದ್ದಿಗೇ ಮಲಗುವುದನ್ನು ಕಲಿತ. ತಾಯಿ ಮಗಳ ನಡುವೆ ಮಾತುಕತೆ ಇತ್ತು, ಉಪ್ಪು ಹೆಚ್ಚಾಯಿತು, ನೂಲು ಬಂತು ಎಂಬಷ್ಟು. ಅವರಿಬ್ಬರೂ ಎದುರುಬದುರಾಗಿ ಓಡಾಡುವಾಗ ಆ ಸಣ್ಣ ಮನೆಯಲ್ಲಿ ಒಬ್ಬರ ಸೆರಗು ಒಬ್ಬರಿಗೆ ತಾಗದಂತೆ ಹೇಗೆ ಸರಿಯುತ್ತಿದ್ದರೋ ನನಗೆ ಗೊತ್ತಿಲ್ಲ.

ಮತ್ತೆ ಅವರೆಕಾಯಿ ಬಂತು, ಮತ್ತೆ ಎಲ್ಲೋ ಇಲಿ ಬಿತ್ತು, ಮತ್ತೆ ಬಯಲು. ಈ ಸಲ ಸೂಜಿಯವರು ಬಂದಾಗ ಎಲ್ಲರಿಗಿಂತ ಮುಂದೆ ಹೋಗಿ ತೋಳು ಚಾಚಿದವಳು ಅಜ್ಜಿ. ಜ್ವರ ಬಂದು ಹೋಯಿತು. ಒಂದು ಬೆಳಗ್ಗೆ ನೋಡಿದರೆ ಅವಳ ಚಾಪೆ ಖಾಲಿ, ಗೂಟದಲ್ಲಿ ಬೀಗದ ಕೈ ಇಲ್ಲ. ಗೌರತ್ತೆ ನನ್ನ ಕೈ ಹಿಡಿದುಕೊಂಡು ಪೇಟೆಯ ಕಡೆ ಓಡಿದಳು. ಅಜ್ಜಿ ನಮ್ಮ ಮನೆಯ ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಬೀಗ ತೆಗೆಯಲು ಧೈರ್ಯ ಬಂದಿರಲಿಲ್ಲ.

'ಯಾಕವ್ವ ಇಲ್ಲಿ ಬಂದ್ ಕೂತೆ?'

'ಕಂಕುಳಲ್ಲಿ ಗಂಟೈತೆ ಕಣೇ. ಹತ್ರ ಬರಬೇಡ.'

'ಸೂಜಿ ಗಂಟು ಅಂತ ನಿಂಗೂ ಗೊತ್ತೈತೆ.'

'ನಿಂದೂ ಸೂಜಿದೇ ಆಗಿತ್ತಲ್ಲ' ಎಂದಳು ಅಜ್ಜಿ. 'ನಿಂಗೊಂದು ನ್ಯಾಯ, ನಂಗೊಂದಾ?'

ಗೌರತ್ತೆ ಬೀದಿಯ ನಡುವೆ ಸ್ವಲ್ಪ ಹೊತ್ತು ನಿಂತಳು. ಹೀಗೇ ತಿರುಗಿ ಹೋಗಿಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಅವಳು ಹೋಗಲಿಲ್ಲ. ಜಗಲಿ ಹತ್ತಿ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

'ಕೈ ಎತ್ತು.'

ಅಜ್ಜಿ ತಲೆ ಅಲ್ಲಾಡಿಸಿದಳು.

'ಕೈ ಎತ್ತವ್ವ.'

ಅಜ್ಜಿಯ ಕೈ ಮೇಲೆ ಹೋಯಿತು. ಗೌರತ್ತೆ ಅವಳ ಕಂಕುಳಿಗೆ ಬೆರಳಿಟ್ಟು, ಗಂಟು ಸಿಕ್ಕಿದ ಮೇಲೂ ತೆಗೆಯದೆ, ಅಲ್ಲೇ ಇಟ್ಟುಕೊಂಡಳು. ಆಮೇಲೆ ಬೆನ್ನಿಗೊಂದು ಮೆಲ್ಲನೆ ಏಟು ಕೊಟ್ಟಳು. ಅಜ್ಜಿ ಅವಳ ಹೆಗಲ ಮೇಲೆ ಮುಖ ಇಟ್ಟು, ಬೀಗ ಹಾಕಿದ ಬಾಗಿಲ ಕಡೆ ಕಿವಿ ಕೊಟ್ಟು ಕೇಳಿದಳು.

'ಒಳಗೆ ಮಗ್ಗದ ಸದ್ದು ಬರ್ತೈತಲ್ವೇನೇ ಗೌರಿ?'

ಗೌರತ್ತೆ ಸುಳ್ಳು ಹೇಳುವ ಹೆಂಗಸಲ್ಲ.

'ಹೂಂ ಅವ್ವ, ನಂಗೂ ಕೇಳ್ತೈತೆ. ಅಣ್ಣನ ಕೈ. ಎದ್ದೇಳು, ಮುದ್ದೆ ಆರೋಗ್ತೈತೆ.'

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ನಾನು ಹಿಂದೆ ಉಳಿದು ಬಾಗಿಲಿಗೆ ಕಿವಿ ಒತ್ತಿ ಕೇಳಿದೆ. ಮರದ ತಣುಪು ಕೆನ್ನೆಗೆ ತಾಗಿತು. ಅವತ್ತು ನನಗೆ ಏನೂ ಕೇಳಿಸಲಿಲ್ಲ.